ಕಿಟಕಿ ಗಾಜಿನ ಹಿಂದಿನ ಬೇರು

ಆ ದಿನ ಬೆಳಿಗ್ಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ರಾತ್ರಿಯಿಡೀ ಗುಡ್ಡದ ನೆತ್ತಿಯ ಮೇಲೆ ಕೂತಿದ್ದ ಮಂಜು ಯಾರೋ ಕೈಬೀಸಿ ಕರೆದಂತೆ ಮೆಲ್ಲಗೆ ಇಳಿದು ಬಂದು, ನರ್ಸರಿಯ ತಂತಿಬೇಲಿಗೆ ಒರಗಿ ನಿಂತುಬಿಟ್ಟಿತ್ತು. ಬೇಸಿಗೆ ಮುಗಿದಿದ್ದರೂ ಅದರ ಬಿಸಿ ಮಣ್ಣಿನೊಳಗೆ ಇನ್ನೂ ಇತ್ತು. ಪಾತಿಯ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತರೆ ಅಂಗಾಲು ಬೆಚ್ಚಗೆ, ಕಿವಿ ತಣ್ಣಗೆ. ಎರಡು ಕಾಲಗಳು ಒಂದೇ ಮೈಯನ್ನು ಹಂಚಿಕೊಂಡ ಹಾಗೆ.

ಮೊಳಕೆಯಮ್ಮ ಹಾಗೆಯೇ ಬರಿಗಾಲಲ್ಲಿ ನಿಂತು, ಬಗ್ಗಿ, ಒಂದು ಪೈನ್ ಸಸಿಯ ನೆತ್ತಿಯನ್ನು ಬೆರಳ ತುದಿಯಿಂದ ಸವರಿದಳು. ಮೆತ್ತಗಿರಬೇಕಾದ ಕುಡಿ ಗಟ್ಟಿಯಾಗಿತ್ತು. ಕಂದು ಬಣ್ಣದ ಪುಟ್ಟ ಮೊಗ್ಗೊಂದು ಅಂಟು ಮೆತ್ತಿಕೊಂಡು, ಬಾಗಿಲು ಹಾಕಿಕೊಂಡು ಕೂತಿತ್ತು. ಪಕ್ಕದ ಸಸಿಯೂ ಹಾಗೆಯೇ. ಅದರ ಪಕ್ಕದ್ದೂ. ಪಾತಿಯ ಉದ್ದಕ್ಕೂ ಸಸಿಗಳೆಲ್ಲ ಒಟ್ಟಿಗೆ ಮಾತಾಡಿಕೊಂಡವರಂತೆ ಬೆಳೆಯುವುದನ್ನು ನಿಲ್ಲಿಸಿದ್ದವು.

ಅವಳು ಬೆರಳು ಚಾಚಿ ಅಳೆದು ನೋಡಿದಳು. ಅವು ಇನ್ನೂ ಗೇಣುದ್ದ ಆಗಿರಲಿಲ್ಲ.

ಅವಳಿಗೆ ಮೊಳಕೆಯಮ್ಮ ಅಂತ ಹೆಸರು ಬಿದ್ದದ್ದು ಈ ಸಸಿಗಳಿಂದಲೇ. ಬೀಜ ಬಿತ್ತಿದ ವರ್ಷ, ಮೊದಲ ಮೊಳಕೆ ತಲೆಯ ಮೇಲೆ ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ಹೊತ್ತುಕೊಂಡು ಮೇಲೆದ್ದ ದಿನ, ಅವಳು "ಬಂತು! ಬಂತು!" ಅಂತ ಕೂಗಿದ ಕೂಗಿಗೆ ಕೆಳಗಿನ ಬೀದಿಯವರು ಗುಡ್ಡ ಮತ್ತೆ ಜಾರಿತೆಂದು ಮಕ್ಕಳನ್ನೆತ್ತಿಕೊಂಡು ಹೊರಗೆ ಓಡಿ ಬಂದಿದ್ದರು. ಆಮೇಲೆ ನಕ್ಕು ಸುಸ್ತಾದರು. ಹೆಸರು ಅವಳಿಗೆ ಅಂಟಿಕೊಂಡಿತು.

ಗುಡ್ಡ ಜಾರುವ ಭಯ ಸುಳ್ಳಿನದಲ್ಲ. ಊರಿನ ತಲೆಯ ಮೇಲಿದ್ದ ಪೈನ್ ಕಾಡು ಒಂದು ಬೇಸಿಗೆಯಲ್ಲಿ ಹೊತ್ತಿ ಉರಿದು ಹೋಗಿತ್ತು. ಅದಾದ ಮೇಲಿನ ಮಳೆಗಾಲಗಳಲ್ಲಿ ಹಿಡಿದಿಡುವ ಬೇರಿಲ್ಲದ ಮಣ್ಣು ಕೆಳಗಿನ ಬೀದಿಯ ಅಡುಗೆಮನೆಗಳಿಗೇ ನುಗ್ಗಿತ್ತು. ಸುಡದೆ ಉಳಿದಿದ್ದ ಕೆಲವೇ ಮರಗಳ ಕಾಯಿಗಳನ್ನು ಮೊಳಕೆಯಮ್ಮನ ಅತ್ತೆ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಆರಿಸಿ ತಂದಿದ್ದಳು. ಒಲೆಯ ಪಕ್ಕ ಹರವಿದಾಗ ಆ ಕಾಯಿಗಳು ಟಪ್ ಟಪ್ ಎಂದು ಸಿಡಿದು ಬೀಜ ಬಿಟ್ಟವು. ಆ ಬೀಜದ ಸಸಿಗಳೇ ಇವು. ಆ ಉಳಿದ ಮರಗಳನ್ನೂ ಮರುವರ್ಷದ ಬಿರುಗಾಳಿ ಕೆಡವಿತು. ಹಾಗಾಗಿ ಆ ಗುಡ್ಡದ್ದು ಅಂತ ಹೇಳಿಕೊಳ್ಳುವ ಜೀವ ಲೋಕದಲ್ಲಿ ಇನ್ನು ಎಲ್ಲಿಯಾದರೂ ಇದ್ದರೆ ಅದು ಈ ಪಾತಿಗಳಲ್ಲಿ ಮಾತ್ರ.

ಬೇಲಿಯಾಚೆ ಗಾಡಿ ನಿಂತ ಸದ್ದಾಯಿತು. ಮಂಜನ್ನು ಸೀಳಿಕೊಂಡು ಮೊದಲು ಒಂದು ಅಳತೆಕೋಲು ಕಾಣಿಸಿತು, ಆಮೇಲೆ ಅದನ್ನು ಹಿಡಿದ ಮನುಷ್ಯ.

"ಬಂದ್ರು ನೋಡ್ರೇ ಗೇಣು ಸಾಹೇಬ್ರು," ಎಂದು ಕಳೆ ಕೀಳುತ್ತಿದ್ದ ಪಟಾಕಿ ಪಿಸುಗುಟ್ಟಿದಳು. ಅವಳು ಪಿಸುಗುಟ್ಟಿದರೂ ಬೇಲಿಯಾಚೆಗೆ ಕೇಳಿಸುತ್ತಿತ್ತು. ಹೆಸರು ಸುಮ್ಮನೆ ಬಂದಿರಲಿಲ್ಲ.

ಗೇಣು ಸಾಹೇಬರು ಸುತ್ತಲಿನ ಎಲ್ಲ ನರ್ಸರಿಗಳ ಮೇಲ್ವಿಚಾರಕರು. ಕೆಟ್ಟವರಲ್ಲ. ಬಯಲಿನ ನರ್ಸರಿಯಲ್ಲಿ ನೀರು ಹೊತ್ತು ಕೆಲಸ ಕಲಿತವರು. ಅಲ್ಲಿನ ಮರಗಳು ವರ್ಷವಿಡೀ ಬೆಳೆಯುವಂಥವು. ಅವಕ್ಕೆ ಎತ್ತರವೇ ಆರೋಗ್ಯ, ಎತ್ತರವೇ ಸತ್ಯ. ಆ ಸತ್ಯವನ್ನು ಕೋಲಿನ ಮೇಲೆ ಗೇಣುದ್ದಕ್ಕೆ ಒಂದು ಗೆರೆಯಾಗಿ ಕೊರೆದುಕೊಂಡು ಹೋದಲ್ಲೆಲ್ಲ ಒಯ್ಯುತ್ತಿದ್ದರು. ಈ ಕೋಲಿಗೆ ಸೋತ ಪಾತಿಯನ್ನು ಅವರು ಉಳಿಸಿದ್ದಿಲ್ಲ.

ಕೋಲನ್ನು ಒಂದು ಸಸಿಯ ಪಕ್ಕ ನೆಟ್ಟರು. ಇನ್ನೊಂದರ ಪಕ್ಕ. ಪಾತಿಯ ಕೊನೆಯವರೆಗೂ ಹೋಗಿ ಬಂದರು.

"ಏನಮ್ಮಾ ಇದು? ಹೋದ ಸಲ ಬಂದಾಗ ಎಷ್ಟಿತ್ತೋ ಅಷ್ಟೇ ಇದೆಯಲ್ಲ! ಕೂತಲ್ಲೇ ಕೂತುಬಿಟ್ಟಿದಾವೆ."

"ಮೊಗ್ಗು ಕಟ್ಟಿದಾವೆ ಸಾಹೇಬ್ರೇ. ಮೇಲಿನ ಕೆಲಸ ಮುಗೀತು. ಇನ್ನು ಕೆಳಗಿನದು. ಮಣ್ಣು ಬೆಚ್ಚಗಿರೋವರೆಗೆ ಬೇರು ಬಿಡ್ತವೆ."

"ಅದು ನಿನಗೆ ಹೇಗೆ ಗೊತ್ತು?"

ಕಾಲೇಜಿನಲ್ಲಿ ಸಸ್ಯಗಳ ಪಾಠ ಓದಿದವಳು ಮೊಳಕೆಯಮ್ಮ. ಪೈನ್ ಮರ ಮೇಲಕ್ಕೂ ಕೆಳಕ್ಕೂ ಒಟ್ಟಿಗೆ ಬೆಳೆಯುವುದು ಕಡಿಮೆ, ಸರದಿಯ ಮೇಲೆ ಬೆಳೆಯುತ್ತದೆ ಎಂದು ಪಾಠದಲ್ಲಿತ್ತು. ಆದರೆ ಕಣ್ಣಾರೆ ಕಂಡಿರಲಿಲ್ಲ. "ಓದಿದೀನಿ," ಎಂದಳು, ಸಣ್ಣ ದನಿಯಲ್ಲಿ.

ಸಾಹೇಬರು ಬಗ್ಗಿ ಒಂದು ಸಸಿಯನ್ನು ಬುಡಕ್ಕೆ ಕೈ ಹಾಕಿ ಎಳೆದರು. ಅದು ಕಿತ್ತು ಬಂತು. ಅದರ ಕೆಳಗೆ ಒಂದೇ ಒಂದು ಕಂದು ದಾರ ನೇತಾಡುತ್ತಿತ್ತು.

"ಇದೇನಾ ಬೇರು? ಇದರಲ್ಲಿ ಅಂಗಿ ಗುಂಡಿ ಹೊಲೀಬಹುದು."

ಪಟಾಕಿ ಕಿಸಕ್ಕನೆ ನಕ್ಕು, ಮೊಳಕೆಯಮ್ಮನ ಮುಖ ನೋಡಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಎಳೆದ್ರೆ ಎಳೇ ತುದಿಗಳೆಲ್ಲ ಮಣ್ಣಲ್ಲೇ ಹರಿದು ಉಳೀತವೆ ಸಾಹೇಬ್ರೇ. ಕಿತ್ತ ಸಸಿ ನಿಜ ಹೇಳಲ್ಲ."

"ಕಿತ್ರೆ ನಿಜ ಹೇಳಲ್ಲ, ಕೀಳದಿದ್ರೆ ಕಾಣಿಸಲ್ಲ. ನಾನು ಯಾವುದನ್ನ ನಂಬಲಿ ತಾಯೀ?" ಸಾಹೇಬರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಆಯಾಸವಿತ್ತು. "ಗುಂಡಿ ತೆಗೆಯೋರು, ಹೊರೋರು, ನೀರು ಹಾಕೋರು, ಊರಿಗೆ ಊರೇ ಗುಡ್ಡ ಹತ್ತಬೇಕು. ನೆಟ್ಟಿದ್ದು ಸತ್ತರೆ ಜನ ಇನ್ನೊಂದು ಸಲ ಹತ್ತಲ್ಲ. ಮೊದಲ ಹಿಮ ಬೀಳೋವರೆಗೆ ಕಾಯ್ತೀನಿ. ಅಷ್ಟರೊಳಗೆ ಗೇಣಾಗದಿದ್ರೆ ಪಾತಿ ಮಗುಚಿಸಿ, ಬಯಲಿಂದ ಬೇರೆ ಸಸಿ ತರಿಸ್ತೀನಿ."

ಮಗುಚುವುದೆಂದರೆ ಸಸಿ ಸಮೇತ ನೆಲವನ್ನು ಉತ್ತು ಹಾಕುವುದು. ಗುಡ್ಡದ ಕೊನೆಯ ಮಕ್ಕಳನ್ನು ಗೊಬ್ಬರ ಮಾಡುವುದು.

ಮನೆಗೆ ಬಂದಾಗ ಮೊಳಕೆಯಮ್ಮನ ಮುಖ ನೋಡಿಯೇ ಅತ್ತೆ ಕೈಯಲ್ಲಿದ್ದ ಹೆಣಿಗೆ ಕೆಳಗಿಟ್ಟಳು. ಅತ್ತೆಯ ಕೋಣೆ ಚಿಕ್ಕದು. ಒಂದು ಮಂಚ, ಒಂದು ಪೆಟ್ಟಿಗೆ, ಗುಡ್ಡದ ಕಡೆಗೆ ತೆರೆಯುವ ಒಂದು ಕಿಟಕಿ. ಆ ಕಿಟಕಿಗೆ ಒಂದೇ ದೊಡ್ಡ ಗಾಜು. ಮದುವೆಯಾಗಿ ಬಂದ ಹೊಸದರಲ್ಲಿ ತನ್ನ ಗಂಡ ಬೆನ್ನ ಮೇಲೆ ಹೊತ್ತು ತಂದು ಹಾಕಿಸಿದ ಗಾಜು ಅಂತ ಅತ್ತೆ ಅದನ್ನು ದಿನಾ ಒರೆಸುತ್ತಿದ್ದಳು. ಅದರ ಮುಂದೆ ಕೂತೇ ಬೆಳಗಿನ ಪ್ರಾರ್ಥನೆ. ಅವಳ ಪ್ರಾರ್ಥನೆಗೆ ಸದ್ದಿಲ್ಲ, ತುಟಿಯೂ ಅಲುಗುತ್ತಿರಲಿಲ್ಲ. ಸುಮ್ಮನೆ ಕೂತಿರುತ್ತಿದ್ದಳು, ಕೇಳಿಸಿಕೊಳ್ಳುವವಳ ಹಾಗೆ.

"ಏನಾಯ್ತೇ ಮಗಳೇ?"

ಮೊಳಕೆಯಮ್ಮ ಹೇಳಿದಳು. "ಬೇರು ಕಾಣಿಸ್ಬೇಕಂತೆ ಅತ್ತೆ. ಕೀಳಬಾರದು, ಆದ್ರೂ ಕಾಣಬೇಕು. ಒಂದು ಹಲಗೆ ಪೆಟ್ಟಿಗೆ ಮಾಡಿ ಒಂದು ಕಡೆಗೆ ಗಾಜು ಕೂರಿಸಿದ್ರೆ ಆಗ್ತಿತ್ತು. ಅಷ್ಟು ದೊಡ್ಡ ಗಾಜು ಈ ಊರಲ್ಲಿ ಎಲ್ಲಿ ಸಿಗುತ್ತೆ? ಪೇಟೆಗೆ ಹೋಗಿ ತರಿಸೋ ಹೊತ್ತಿಗೆ..."

ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದಳು.

"ಅಯ್ಯೋ ಅತ್ತೆ, ಬೇಡ. ಚಳಿಗಾಲ ಬರ್ತಿದೆ."

"ಬರಲಿ. ಅದೇನು ನನಗೆ ಹೊಸಬನಾ?" ಅತ್ತೆ ಎದ್ದು ಕಿಟಕಿಯ ಸಂದಿನಲ್ಲಿ ಗಾಜು ಹಿಡಿದಿಡಲು ಮೆತ್ತಿದ್ದ ಒಣಗಿದ ಪುಟ್ಟಿಯನ್ನು ಉಗುರಿನಿಂದ ಕೆರೆದು ನೋಡಿದಳು. "ಆ ಬೀಜ ಆರಿಸಿದ ಕೈ ಇದು. ನಿನ್ನ ಗಂಡನ್ನ ಕರಿ, ಉಳಿ ತರಲಿ. ಆದ್ರೆ ಒಂದು ಮಾತು. ಇದು ಕೊಟ್ಟಿದ್ದಲ್ಲ, ಸಾಲ. ಗಾಜು ನನಗೆ ವಾಪಸ್ ಬರಬೇಕು. ಒಡೆದು ತಂದ್ರೆ ನಿನ್ನನ್ನೇ ಆ ಕಿಟಕೀಲಿ ನಿಲ್ಲಿಸ್ತೀನಿ, ಗಾಳಿಗೆ ಅಡ್ಡ."

ಮೊಳಕೆಯಮ್ಮನ ಗಂಡ ನರ್ಸರಿಯಲ್ಲೇ ಪಂಪ್ ನೋಡಿಕೊಳ್ಳುವವನು. ಮಾತು ಕಡಿಮೆ, ಕೈ ಜಾಸ್ತಿ. ಅಂದು ಸಂಜೆಯೇ ಗಾಜು ಬಿಡಿಸಿ, ಕಿಟಕಿಗೆ ಹಲಗೆ ಹೊಡೆದ. ಅತ್ತೆಯ ಕೋಣೆ ಕತ್ತಲಾಯಿತು. ಮರುದಿನ ಪೆಟ್ಟಿಗೆ ಸಿದ್ಧವಾಯಿತು. ಬೇರು ಇಳಿಯುವಾಗ ಗಾಜಿಗೆ ಒರಗಿಕೊಂಡೇ ಇಳಿಯಲಿ ಎಂದು ಗಾಜನ್ನು ತುಸು ಓರೆಯಾಗಿ ಕೂರಿಸಿದರು. ಮೊಳಕೆಯಮ್ಮ ಪಾತಿಯಿಂದ ಕೆಲವು ಸಸಿಗಳನ್ನು ಮಣ್ಣಿನ ಗಡ್ಡೆ ಸಮೇತ, ಮಲಗಿದ ಮಗುವನ್ನು ಎತ್ತುವಂತೆ ಎತ್ತಿ ಪೆಟ್ಟಿಗೆಯ ಒಂದು ಬದಿಯಲ್ಲಿ ಇಟ್ಟಳು. ಇನ್ನೊಂದು ಬದಿಗೆ ಬರಿ ಮಣ್ಣು ತುಂಬಿದಳು. ಪಾತಿಯ ಮಣ್ಣಿನ ಬಿಸಿಯೇ ಇದಕ್ಕೂ ಸಿಗಲೆಂದು ಪೆಟ್ಟಿಗೆಯನ್ನು ಅಲ್ಲೇ ಗುಂಡಿ ತೋಡಿ ಇಳಿಸಿದರು. ಗಾಜಿನ ಮುಂದೆ ಇಣುಕುವಷ್ಟು ಜಾಗ ಬಿಟ್ಟು, ಬೇರಿಗೆ ಬೆಳಕು ಆಗದು ಎಂದು ಕಪ್ಪು ಬಟ್ಟೆ ಹೊದಿಸಿದರು.

ಪಟಾಕಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಸರಿ ಹೋಯ್ತು. ಅತ್ತೆ ಕತ್ತಲಲ್ಲಿ, ಬೇರೂ ಕತ್ತಲಲ್ಲಿ. ಮೊದಲು ಯಾರು ಚಿಗುರ್ತಾರೋ ನೋಡೋಣ."

ಮೊದಮೊದಲು ಮೊಳಕೆಯಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ. ದಿನಕ್ಕೆ ಹತ್ತಾರು ಸಲ ಬಟ್ಟೆ ಎತ್ತುವಳು. ಗಾಜಿನ ಹಿಂದೆ ಮಣ್ಣು, ಮಣ್ಣಿನಲ್ಲಿ ಅದೇ ಕಂದು ದಾರ. ಅದು ಅಲುಗುತ್ತಲೂ ಇರಲಿಲ್ಲ, ಸಾಯುತ್ತಲೂ ಇರಲಿಲ್ಲ. ಒಂದು ಸಂಜೆ ಕೋಲೂರಿಕೊಂಡು ಬಂದ ಅತ್ತೆ ಅವಳ ಕೈ ಮೇಲೆ ಮೆಲ್ಲಗೆ ಹೊಡೆದಳು.

"ಬಿಡೇ. ಬಾಗಿಲು ಹಾಕ್ಕೊಂಡು ಕೆಲಸ ಮಾಡೋರನ್ನ ಹಿಂಗೆ ಘಳಿಗೆಗೊಂದು ಸಲ ಬಡಿದು ಕರೀತಾರಾ?"

"ಒಳಗೆ ಕೆಲಸ ನಡೀತಿದೆ ಅಂತ ನಿಮಗೆ ಗೊತ್ತಾ ಅತ್ತೆ?"

"ನನಗೇನು ಗೊತ್ತು? ನಾನು ಬೇರಿನ ಪಾಠ ಓದಿದವಳಲ್ಲ." ಅತ್ತೆ ಪಾತಿಯ ಅಂಚಿನಲ್ಲಿ ಕೂತು ಮಣ್ಣಿನ ಮೇಲೆ ಅಂಗೈ ಊರಿದಳು. "ಆದ್ರೆ ಬೆಚ್ಚಗಿದೆ ನೋಡು. ಸುಮ್ಮನೆ ಯಾರಾದ್ರೂ ಇಷ್ಟು ಹೊತ್ತು ಒಲೆ ಆರಿಸದೆ ಇಡ್ತಾರಾ? ಅಡುಗೆ ಮಾಡೋನು ಒಬ್ಬ ಇದ್ದಾನೆ ಅಂತ ನಾನು ಅಂದ್ಕೊಳ್ತೀನಿ."

ಅಂದಿನಿಂದ ಮೊಳಕೆಯಮ್ಮ ವಾರಕ್ಕೊಮ್ಮೆ ಮಾತ್ರ ಬಟ್ಟೆ ಎತ್ತಿದಳು. ಆದರೂ ಕಾಣುತ್ತಿದ್ದುದು ಕಂದು ದಾರವೇ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಗೇಟಿನ ಪಕ್ಕದ ಮೂಲೆಯ ಪಾತಿ ಎಲ್ಲರ ಕಣ್ಣು ಕುಕ್ಕಿತು. ಅಲ್ಲಿನ ಸಸಿಗಳ ಮೊಗ್ಗುಗಳು ಒಡೆದು, ಎಳೆ ಹಸಿರು ಕುಡಿಗಳು ಜಿಗಿದು ಮೇಲೆದ್ದಿದ್ದವು. ಮಿಕ್ಕ ಪಾತಿಗಳು ಮಾಸಲು ಹಸಿರು, ಇದು ಮಾತ್ರ ಹೊಸ ಬಟ್ಟೆ ಹಾಕಿಸಿಕೊಂಡ ಮಗುವಿನ ಹಾಗೆ. ಸಾಹೇಬರು ಬಂದವರು ಗೇಟಿನಲ್ಲೇ ನಿಂತರು. ಕೋಲು ನೆಟ್ಟರು. ಗೆರೆ ಮುಟ್ಟಿತ್ತು.

"ನೋಡಿದ್ಯಾ! ಇದೂ ಅದೇ ಬೀಜ ತಾನೆ? ಅದೇ ಮಣ್ಣು ತಾನೆ? ಏನು ಮಾಡಿದ್ರಿ ಇದಕ್ಕೆ? ಎಲ್ಲ ಪಾತಿಗೂ ಅದನ್ನೇ ಮಾಡಿ!"

ಮೊಳಕೆಯಮ್ಮ ಏನೂ ಮಾಡಿರಲಿಲ್ಲ. ಅವಳು ತಿರುಗಿ ನೋಡಿದಾಗ ಪಂಪ್‌ಮನೆಯ ಬಾಗಿಲಲ್ಲಿ ನಿಂತಿದ್ದ ಗಂಡ ತಲೆ ತಗ್ಗಿಸಿದ.

ಸಾಹೇಬರು ಹೋದ ಮೇಲೆ ಅವನೇ ಬಂದ. "ಸಂಜೆ ನೀವೆಲ್ಲ ಹೋದ ಮೇಲೆ ಒಂದಿಷ್ಟು ಯೂರಿಯಾ ಕಲಸಿ ನೀರು ಬಿಡ್ತಿದ್ದೆ ಕಣೇ. ಅವರು ಮೊದಲು ನೋಡೋದು ಗೇಟಿನ ಪಾತೀನ ತಾನೆ? ಅದು ಗೇಣಾದ್ರೆ ಸಾಕು, ನಿನ್ನ ಪಾತಿಗಳು ಉಳೀತವೆ ಅಂತ..."

ಬೈಯಲು ಹೊರಟವಳು ಅವನ ಕೈ ನೋಡಿದಳು. ಕತ್ತಲಲ್ಲಿ ಬಕೆಟ್ಟು ಹೊತ್ತು ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು.

"ರೀ, ಮಲಗೋಕೆ ಹೊರಟ ಮಗೂನ ಎಬ್ಬಿಸಿ ಜಾತ್ರೆಗೆ ಕರ್ಕೊಂಡು ಹೋದ ಹಾಗಾಯ್ತಲ್ರೀ. ಈ ಎಳೇ ಕುಡಿ ಹಿಮಕ್ಕೆ ಹೇಗೆ ತಡೆಯುತ್ತೆ? ಬೇರಿಗೆ ಹೋಗಬೇಕಾದ ಊಟಾನೂ ಇದೇ ತಿಂದುಬಿಡ್ತು."

ಅವನು ನಾಲಿಗೆ ಕಚ್ಚಿಕೊಂಡ. ಸಲಿಕೆ ತೆಗೆದುಕೊಂಡು ಹೋಗಿ, ಮೂಲೆಯ ಪಾತಿಯಿಂದ ಕೆಲವು ಸಸಿಗಳನ್ನು ಅವಳು ಎತ್ತಿದ್ದಂತೆಯೇ ಗಡ್ಡೆ ಸಮೇತ ಎತ್ತಿ ತಂದ. ಗಾಜಿನ ಪೆಟ್ಟಿಗೆಯ ಖಾಲಿ ಬದಿಯಲ್ಲಿ ತಾನೇ ನೆಟ್ಟ. "ನನ್ನ ತಪ್ಪೂ ಇಲ್ಲೇ ಕಾಣಲಿ," ಎಂದ. ಅವನು ಅಷ್ಟು ಮಾತಾಡಿದ್ದೇ ಹೆಚ್ಚು.

ಗೇಟಿನ ಪಾತಿಯ ಗುಟ್ಟು ಹೇಗೋ ಸಾಹೇಬರ ಕಿವಿಗೆ ಬಿದ್ದು, ಮರುದಿನ ಅವರ ಗಾಡಿಯಲ್ಲಿ ಯೂರಿಯಾ ಚೀಲಗಳು ಬಂದಿಳಿದವು. ಎಲ್ಲ ಪಾತಿಗೂ ಇವತ್ತೇ ಹಾಕಬೇಕೆಂದು ಅಪ್ಪಣೆ. ಮೊಳಕೆಯಮ್ಮ ಚೀಲಗಳ ಮುಂದೆ ಬಂದು ನಿಂತಳು. ಅಂದು ಬೆಳಿಗ್ಗೆ ಬಟ್ಟೆ ಎತ್ತಿ ನೋಡಿದ್ದಳು. ಅವಳ ಸಸಿಗಳ ಕೆಳಗೆ ಹೊಸದೇನೂ ಇರಲಿಲ್ಲ.

"ಬೇಡ ಸಾಹೇಬ್ರೇ."

"ಯಾಕಮ್ಮಾ? ಪಾತಿ ಉಳಿಸೋಕೆ ದಾರಿ ತೋರಿಸ್ತಿದೀನಿ, ನೀನೇ ಅಡ್ಡ ನಿಲ್ತೀಯಲ್ಲ!"

"ಪಾತಿ ಉಳಿಯುತ್ತೆ, ಗುಡ್ಡ ಉಳಿಯಲ್ಲ. ಇವು ಇಲ್ಲಿ ಗೇಣಾಗಿ ನಿಮ್ಮ ಕೋಲಿಗೆ ಪಾಸಾಗ್ತವೆ. ಅಲ್ಲಿ ಮೇಲೆ ಹೋಗಿ ಸಾಯ್ತವೆ."

"ನಿನ್ನ ಗಾಜಿನಲ್ಲಿ ಏನಾದ್ರೂ ಕಂಡಿದೆಯಾ?" ಪೆಟ್ಟಿಗೆಯ ಸುದ್ದಿ ಅವರಿಗೂ ಮುಟ್ಟಿತ್ತು.

ಸುಳ್ಳು ಹೇಳಬಹುದಿತ್ತು. ಸಾಹೇಬರು ಬಗ್ಗಿ ಗುಂಡಿಯೊಳಗೆ ಇಣುಕುವ ಮನುಷ್ಯರಲ್ಲ. "ಇಲ್ಲ," ಎಂದಳು. "ಇನ್ನೂ ಇಲ್ಲ."

ಕಂಡಿದೆ ಎಂದಿದ್ದರೆ ಸಾಹೇಬರು ಬಹುಶಃ ನಂಬುತ್ತಿರಲಿಲ್ಲ. "ಚೀಲ ಕೊಟ್ಟಿಗೇಲಿರಲಿ," ಎಂದರು. "ಹಿಮ ಬಿದ್ದ ದಿನ ಬರ್ತೀನಿ. ಅವತ್ತೂ ಗಾಜಿನಲ್ಲಿ ಏನೂ ಕಾಣದಿದ್ರೆ ಪಾತಿ ಮಗುಚೋದನ್ನ ನಾನೇ ನಿಂತು ನೋಡ್ತೀನಿ. ನೀನೂ ನನ್ನ ಪಕ್ಕ ನಿಂತು ನೋಡಬೇಕು."

ಆ ವಾರವೆಲ್ಲ ಮೊಳಕೆಯಮ್ಮ ಓದಿದ ಪಾಠವನ್ನೇ ಮತ್ತೆ ಮತ್ತೆ ನೆನೆದಳು. ಪಾಠ ಸುಳ್ಳಿರಬಹುದೇ? ಪಾಠದ ಪೈನ್ ಬೇರೆ, ಈ ಗುಡ್ಡದ ಪೈನ್ ಬೇರೆ ಇರಬಹುದೇ? ಒಂದು ಬೆಳಿಗ್ಗೆ ಅತ್ತೆಯ ಕೋಣೆಗೆ ಹೋದಳು. ಅತ್ತೆ ಎಂದಿನಂತೆ ಕಿಟಕಿಯ ಮುಂದೆ, ಈಗ ಹಲಗೆಯ ಮುಂದೆ, ಶಾಲು ಹೊದ್ದು ಕೂತಿದ್ದಳು. ಹಲಗೆಯ ಸಂದಿಯಿಂದ ಬಂದ ಒಂದು ಗೆರೆ ಬೆಳಕು ಅವಳ ಮಡಿಲಲ್ಲಿ ಬಿದ್ದಿತ್ತು. ಗುಡ್ಡ ಕಾಣುತ್ತಿರಲಿಲ್ಲ. ಆದರೂ ಅತ್ತೆ ಅದೇ ದಿಕ್ಕಿಗೆ, ಅದೇ ಸಮಾಧಾನದಲ್ಲಿ ಮುಖ ಮಾಡಿದ್ದಳು. ಮೊಳಕೆಯಮ್ಮ ಏನೂ ಕೇಳದೆ ಅವಳ ಪಕ್ಕದಲ್ಲಿ ಕೂತಳು. ಕೂತು ಏಳುವಾಗ ಎದೆ ಸ್ವಲ್ಪ ಹಗುರಾಗಿತ್ತು.

ನರ್ಸರಿಗೆ ಹೋದವಳು ಗುಂಡಿಗಿಳಿದು ಬಟ್ಟೆ ಎತ್ತಿದಳು.

ಕಂದು ದಾರದ ಪಕ್ಕದಲ್ಲಿ, ಗಾಜಿಗೆ ಹಣೆ ಒತ್ತಿಕೊಂಡು, ಒಂದು ಬಿಳಿ ಚುಕ್ಕೆ. ಅಕ್ಕಿಯ ನುಚ್ಚಿನಷ್ಟು. ಅವಳು ಉಸಿರು ಬಿಡದೆ ನೋಡಿದಳು. ಅದರ ಕೆಳಗೆ ಇನ್ನೊಂದು. ದಾರದ ಬೆನ್ನ ಮೇಲೆ ಮತ್ತೊಂದು ಉಬ್ಬು, ಈಗಷ್ಟೇ ಒಡೆಯಲು ಹೊರಟದ್ದು.

ಈ ಸಲ ಅವಳು ಕೂಗಲಿಲ್ಲ. ಬಟ್ಟೆಯನ್ನು ಮೆಲ್ಲಗೆ ಮುಚ್ಚಿ, ಆ ಬಟ್ಟೆಗೆ ಹಣೆ ಹಚ್ಚಿ ಕೂತಳು. ಪಟಾಕಿ ಬಂದು ನೋಡಿ, "ಅಯ್ಯೋ, ಏನಾಯ್ತಮ್ಮಾ, ಸತ್ತುಹೋದ್ವಾ?" ಅಂತ ಗಾಬರಿಯಾದಳು. ಮೊಳಕೆಯಮ್ಮ ತಲೆ ಎತ್ತಿದಾಗ ಅವಳ ಕಣ್ಣಿಂದ ನೀರು, ಬಾಯಿಂದ ನಗು. ಆಗ ಪಟಾಕಿಯೇ ಇಬ್ಬರ ಪರವಾಗಿ ಕೂಗಿದಳು. ಕೆಳಗಿನ ಬೀದಿಯವರು ಈ ಸಲ ಓಡಲಿಲ್ಲ. ಅಭ್ಯಾಸವಾಗಿತ್ತು.

ಅಲ್ಲಿಂದ ಮುಂದೆ ನಡೆದದ್ದನ್ನು ಕೆಲಸ ಎನ್ನಬೇಕೋ ಹಬ್ಬ ಎನ್ನಬೇಕೋ. ಮೇಲೆ ಎಲ್ಲ ನಿಶ್ಶಬ್ದ. ಮೊಗ್ಗು ಮೊಗ್ಗಾಗಿಯೇ, ಸೂಜಿಯೆಲೆ ಸೂಜಿಯೆಲೆಯಾಗಿಯೇ ನಿಂತಿತ್ತು. ಬೇಲಿಯಾಚೆಯಿಂದ ನೋಡಿದವರಿಗೆ ನರ್ಸರಿ ನಿದ್ದೆ ಹೋಗಿತ್ತು. ಕೆಳಗೆ ಬಿಳಿಯ ಬೇರುಗಳು ಕವಲೊಡೆದು, ಕಲ್ಲು ಸಿಕ್ಕಲ್ಲಿ ಬಳಸಿ, ತೇವ ಸಿಕ್ಕಲ್ಲಿ ಗುಂಪುಗೂಡಿ, ಗಾಜಿನ ಮೇಲೆ ಕಸೂತಿ ಹಾಕುತ್ತ ಇಳಿದವು. ಗಂಡ ನೆಟ್ಟ ಬದಿಯಲ್ಲಿ ಮಾತ್ರ ಒಂದೆರಡು ಮಂಕು ತುದಿಗಳು. ಅವನು ದಿನಾ ಬಂದು ನೋಡುವನು. ಹೋಗಿ ಮೂಲೆಯ ಪಾತಿಗೆ ಒಣಹುಲ್ಲು ಹೊದಿಸುವನು.

ಮೊದಲ ಹಿಮ ಬಿದ್ದ ಬೆಳಿಗ್ಗೆ ಆಕಾಶ ನೀಲಿ ಗಾಜಿನಂತಿತ್ತು. ಪಾತಿಗಳು, ಹಾರೆ, ಬಕೆಟ್ಟಿನ ಹಿಡಿ, ಎಲ್ಲದರ ಮೇಲೂ ಬಿಳಿ ಹರಳು. ಮೂಲೆಯ ಪಾತಿಯಲ್ಲಿ ಹುಲ್ಲು ಮುಚ್ಚದೆ ಉಳಿದಿದ್ದ ಎತ್ತರದ ಕುಡಿಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಬಾಗಿ ಕಪ್ಪಾಗಿದ್ದವು. ಗೇಟಿನಲ್ಲಿ ಸಾಹೇಬರು ಅದನ್ನು ನೋಡುತ್ತ ನಿಂತರು. ಕೈಯ ಕೋಲನ್ನು ಈ ಸಲ ಅವರು ನೆಲಕ್ಕೆ ನೆಡಲಿಲ್ಲ.

"ತೋರಿಸಮ್ಮಾ," ಎಂದರು.

ಅತ್ತೆಯೂ ಬಂದಿದ್ದಳು. ಬೀದಿಯ ಅರ್ಧ ಜನ ಬಂದಿದ್ದರು. ಮೊಳಕೆಯಮ್ಮ ಕಪ್ಪು ಬಟ್ಟೆ ಸರಿಸಿದಳು.

ಸಾಹೇಬರು ತಮ್ಮ ಇಸ್ತ್ರಿ ಮಾಡಿದ ಪ್ಯಾಂಟಿನ ಮೊಣಕಾಲನ್ನು ಹಿಮದ ಮೇಲೂರಿ ಗುಂಡಿಯೊಳಗೆ ಬಗ್ಗಿದರು. ಗಾಜಿನಲ್ಲಿ ಮೊಳಕೆಯಮ್ಮ ನೆಟ್ಟ ಬದಿ ಪೂರ್ತಿ ಬೆಳ್ಳಗಿತ್ತು. ಮಣ್ಣು ಕಾಣದಷ್ಟು ಬೇರು. ಒಂದರ ಬೆರಳು ಇನ್ನೊಂದರ ಬೆರಳನ್ನು ಹಿಡಿದು, ಮಣ್ಣನ್ನು ಮುಷ್ಟಿಯೊಳಗೆ ಗಟ್ಟಿಯಾಗಿ ಹಿಡಿದಂತೆ. ಅವರು ತಮ್ಮ ಕೋಲನ್ನು ತಲೆಕೆಳಗು ಮಾಡಿ ಗಾಜಿನ ಮೇಲೆ ಇಟ್ಟರು. ನೆಲದಿಂದ ಕೆಳಕ್ಕೆ ಅಳೆದರು. ಗೆರೆ ಮುಗಿಯಿತು. ಕೋಲನ್ನು ಸರಿಸಿ ಮತ್ತೆ ಇಟ್ಟರು. ಎರಡನೆಯ ಗೆರೆಯೂ ಮುಗಿಯಿತು, ಬೇರು ಮುಗಿಯಲಿಲ್ಲ. ಅದು ಪೆಟ್ಟಿಗೆಯ ತಳ ಮುಟ್ಟಿ ಅಲ್ಲಿ ಜಾಗವಿಲ್ಲದೆ ಅಡ್ಡಕ್ಕೆ ಹೊರಟಿತ್ತು.

"ಗೇಣು ಕೇಳಿದ್ರಲ್ಲ ಸಾಹೇಬ್ರೇ," ಎಂದಳು ಪಟಾಕಿ, "ತಗೊಳ್ಳಿ, ಬಡ್ಡಿ ಸಮೇತ!"

ಎಲ್ಲರಿಗಿಂತ ಮೊದಲು ನಕ್ಕವರು ಸಾಹೇಬರೇ. ನಗು ಮುಗಿದರೂ ಅವರು ಏಳಲಿಲ್ಲ. "ಇಷ್ಟು ವರ್ಷ ನಾನು ಅರ್ಧ ಗಿಡಾನೇ ಅಳೀತಿದ್ನಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ದುಃಖದಿಂದಲ್ಲ. ಮನೆಯಲ್ಲಿ ಇನ್ನೊಂದು ಕೋಣೆಯಿದೆ ಎಂದು ಈಗ ಗೊತ್ತಾದವರ ದನಿಯಲ್ಲಿ. ಆಮೇಲೆ ಎದ್ದು, ಮೊಣಕಾಲಿನ ಮಣ್ಣನ್ನು ಒರೆಸಿಕೊಳ್ಳದೆ, ಜನರ ಕಡೆ ತಿರುಗಿದರು. "ಗುಂಡಿ ತೆಗೀರಪ್ಪಾ. ಆಳವಾಗಿ ತೆಗೀರಿ. ಇವು ದೊಡ್ಡ ಮನೆ ಕೇಳೋ ಸಸಿಗಳು."

ಮೂಲೆಯ ಪಾತಿಯ ಮುಂದೆ ಮೊಳಕೆಯಮ್ಮನ ಗಂಡ ನಿಂತಿದ್ದ. ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು. "ಇವಕ್ಕೆ ಇನ್ನೊಂದು ವರ್ಷ ಕೊಡು. ನನ್ನ ಕೋಲಿಗೆ ಹೆದರಿ ಮಾಡಿದ್ದು ತಾನೆ? ಅರ್ಧ ತಪ್ಪು ನನ್ನ ಕಡೆ ಬರ್ಕೋ." ಹೊರಡುವ ಮುಂಚೆ ಅವರು ಅತ್ತೆಯ ಹತ್ತಿರ ಬಂದು, "ಅಮ್ಮಾ, ಈ ಪೆಟ್ಟಿಗೇನ ಈ ಚಳಿಗಾಲ ನನಗೆ ಕೊಡ್ತೀರಾ? ಬೇರೆ ನರ್ಸರಿಯವರಿಗೂ ತೋರಿಸ್ಬೇಕು. ಗಾಜು ನಿಮ್ಮದು ಅಂತ ಕೇಳ್ದೆ. ವಾಪಸ್ ತಂದುಕೊಡ್ತೀನಿ," ಎಂದರು.

ಅತ್ತೆ ಯೋಚಿಸಿದಳು. ಚಳಿಗಾಲ ಪೂರ್ತಿ ಮುಂದೆ ಬಿದ್ದಿತ್ತು. "ತಗೊಂಡು ಹೋಗಪ್ಪಾ," ಎಂದಳು. "ಕತ್ತಲು ನನಗೂ ರೂಢಿಯಾಗಿದೆ. ಚಿಗುರೋ ಹೊತ್ತಿಗೆ ತಂದುಬಿಡು."

ಆಮೇಲಿನ ದಿನಗಳಲ್ಲಿ ಊರಿಗೆ ಊರೇ ಗುಡ್ಡ ಹತ್ತಿತು. ಮುದುಕರು ಹಗ್ಗ ಹಿಡಿದು, ಹೆಂಗಸರು ಬುಟ್ಟಿ ಹೊತ್ತು, ಮಣ್ಣು ನುಗ್ಗಿದ್ದ ಅಡುಗೆಮನೆಗಳ ಯಜಮಾನರು ಹಾರೆ ಹಿಡಿದು. ಗಿಡ್ಡ ಸಸಿಗಳು ಗುಂಡಿಗಿಳಿದು, ಮಣ್ಣು ಮುಚ್ಚಿಸಿಕೊಂಡು, ನಾವು ಇಲ್ಲಿಯವರೇ ಎನ್ನುವಂತೆ ನಿಂತವು. ಅವುಗಳ ಮೇಲೆ ಚಳಿಗಾಲ ಬಿದ್ದು ಮಲಗಿತು.

ಚಳಿ ಕಳೆದು, ಹೆಪ್ಪುಗಟ್ಟಿದ್ದ ಮಣ್ಣು ಮತ್ತೆ ಮೆತ್ತಗಾಯಿತು. ಮೊದಲ ಮಳೆ ಜೋರಾಗಿಯೇ ಬಂತು. ಕೆಳಗಿನ ಬೀದಿಯವರು ಬಾಗಿಲಿಗೆ ಹಲಗೆ ಅಡ್ಡ ಇಟ್ಟು ಕಾದರು. ನೀರು ಬಂತು. ತಿಳಿಯಾದ ನೀರು. ಗುಡ್ಡದ ಮಣ್ಣು ಗುಡ್ಡದಲ್ಲೇ ಉಳಿಯಿತು. ಎಲ್ಲವನ್ನೂ ಸಸಿಗಳೇ ಹಿಡಿದವು ಎನ್ನಲಾಗದು, ಗುಂಡಿಗಳ ಅಂಚಿಗೆ ಹಾಕಿದ್ದ ಮಣ್ಣಿನ ಒಡ್ಡುಗಳೂ ಹಿಡಿದವು. ಆದರೆ ಮಳೆ ನಿಂತ ಮರುದಿನ ಮೊಳಕೆಯಮ್ಮ ಹತ್ತಿ ಹೋಗಿ ನೋಡಿದಾಗ, ಕೊಚ್ಚಿ ಹೋದ ಸಸಿ ಒಂದೂ ಕಾಣಲಿಲ್ಲ.

ಮತ್ತೊಂದು ಬೆಳಿಗ್ಗೆ ಅವು ಎಲ್ಲ ಒಟ್ಟಿಗೆ ಬಾಗಿಲು ತೆರೆದವು. ಸುಟ್ಟ ಗುಡ್ಡದ ಮೈಯುದ್ದಕ್ಕೂ ಪ್ರತಿ ಸಸಿಯ ನೆತ್ತಿಯ ಮೇಲೆ ಒಂದೊಂದು ನೆಟ್ಟನೆಯ ಬಿಳಿ ಕುಡಿ, ಹಚ್ಚಿಟ್ಟ ದೀಪದ ಹಾಗೆ. ಚಳಿಗಾಲಕ್ಕೆ ಮುಂಚೆ ಕೆಳಗೆ ಕೂಡಿಟ್ಟ ಬಲವೆಲ್ಲ ಈಗ ಮೇಲಕ್ಕೆ ಹೊರಟಿತ್ತು. ದಿನದಿಂದ ದಿನಕ್ಕೆ, ಕಣ್ಣಿಗೆ ಕಾಣುವಂತೆ ಏರಿದವು. ಗೇಣು ಎಂದೋ ಹಿಂದೆ ಬಿತ್ತು. ಪಟಾಕಿ ಗುಡ್ಡದ ಮೇಲೆ ನಿಂತು ಕೂಗಿದ ಕೂಗಿಗೆ ಈ ಸಲ ಬೀದಿಯೂ ಸೇರಿ ಕೂಗಿತು. ಮೊಳಕೆಯಮ್ಮ ಗಂಡನ ಕೈ ಹಿಡಿದುಕೊಂಡಳು. ಹಿಡಿದದ್ದು ಹಾಗೆಯೇ ಕೆಳಗಿಳಿಯುವವರೆಗೆ ಬಿಡಲಿಲ್ಲ.

ಅಂದು ಮಧ್ಯಾಹ್ನ ಅತ್ತೆ ಕೋಣೆಯಲ್ಲಿ ಹೆಣಿಗೆ ಹೆಣೆಯುತ್ತಿದ್ದಳು. ಮೊಳಕೆಯಮ್ಮ ಬಾಗಿಲಲ್ಲಿ ಕೂತು ಗುಡ್ಡದ ಸುದ್ದಿ ಹೇಳುತ್ತಿದ್ದಳು, ಎಷ್ಟನೆಯ ಸಲವೋ.

"ನೋಡೋದಕ್ಕೆ ನನಗೆ ಕಿಟಕಿ ಎಲ್ಲಿದೆ?" ಎಂದಳು ಅತ್ತೆ. "ಈ ಹಲಗೆ ಹಿಂದೆ ಕೂತು ಕೂತು ನನಗೇ ಬೇರು ಬಂದಿದಾವೆ."

ಹೊರಗೆ ಗಾಡಿ ನಿಂತ ಸದ್ದಾಯಿತು. ಸಾಹೇಬರು ಚಪ್ಪಲಿ ಬಿಟ್ಟು ಒಳಗೆ ಬಂದರು. ಕೈಯಲ್ಲಿ ಕೋಲಿರಲಿಲ್ಲ. ಕಂಬಳಿಯಲ್ಲಿ ಸುತ್ತಿದ ಏನನ್ನೋ ಮಗುವಿನಂತೆ ಎದೆಗವಚಿಕೊಂಡಿದ್ದರು. ಕಿಟಕಿಯ ಹತ್ತಿರ ಹೋಗಿ, ಹಲಗೆಯ ಮೊಳೆಗಳನ್ನು ಒಂದೊಂದಾಗಿ ಬಿಡಿಸಿದರು. ಬೆಳಕು ಕೋಣೆಯೊಳಗೆ ಸುರಿಯಿತು. ಕಂಬಳಿ ಬಿಚ್ಚಿದರು. ಗಾಜು ತೊಳೆದು ಒರೆಸಿ ಥಳಥಳಿಸುತ್ತಿತ್ತು. ಅದರ ಒಂದು ಅಂಚಿನಲ್ಲಿ ಮಾತ್ರ ಬೇರೊಂದು ಒರಗಿದ್ದ ಗುರುತು, ಕೂದಲೆಳೆಯಷ್ಟು ತೆಳುವಾಗಿ, ತಿಕ್ಕಿದರೂ ಹೋಗದೆ ಉಳಿದಿತ್ತು. ಸಾಹೇಬರು ಅದನ್ನು ಬೆರಳಿಂದ ತೋರಿಸಿ ಕ್ಷಮೆ ಕೇಳುವಂತೆ ಅತ್ತೆಯನ್ನು ನೋಡಿದರು. ಅತ್ತೆ ಇರಲಿ ಎಂಬಂತೆ ತಲೆಯಾಡಿಸಿದಳು.

ಅವರು ಗಾಜನ್ನು ಅವಳ ಎರಡು ಕೈಗಳಲ್ಲಿ ಇಟ್ಟರು.